ಓವನ್ ಕೊಳ್ಳುವ ಮೊದಲು ಕೈ ಕಲಿಯಲಿ

(ಮಹಿಳಾ ಸ್ವ-ಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಸಿಸ್ಟರ್ ಅವರು ಮಾಡಿದ ಭಾಷಣದ ಬರಹ ರೂಪ)



ಈ ಸಾರಿ ಸಂಘಗಳಿಂದ ನಮ್ಮ ಕಚೇರಿಗೆ ಬಂದ ಅರ್ಜಿಗಳನ್ನು ನೋಡಿದರೆ ಒಂದೇ ಮಾತು ಮತ್ತೆ ಮತ್ತೆ ಕಾಣುತ್ತದೆ. "ಸಿಸ್ಟರ್, ನಾವು ಬೇಕರಿ ಮಾಡ್ತೀವಿ. ಓವನ್‌ಗೆ ಸಾಲ ಕೊಡ್ಸಿ." ಹಿಂದೆ ಇದೇ ರೀತಿ ಟೈಲರಿಂಗ್ ಮಷೀನಿಗೆ, ಮೇಣದಬತ್ತಿ ಅಚ್ಚಿಗೆ, ಹಸುವಿಗೆ ಅರ್ಜಿ ಬರುತ್ತಿತ್ತು. ಬೇಕರಿಯ ಯೋಚನೆ ಒಳ್ಳೆಯದೇ. ಬಸ್ ಸ್ಟ್ಯಾಂಡ್ ಇರುವ ಕಡೆಯೆಲ್ಲ ಒಂದು ಬೇಕರಿ ಇದ್ದೇ ಇರುತ್ತದೆ. ಮಗುವಿಗೆ ಜ್ವರ ಬಂದರೆ ಬ್ರೆಡ್ಡು, ನೆಂಟರು ಬಂದರೆ ಖಾರ, ಹುಟ್ಟುಹಬ್ಬಕ್ಕೆ ಕೇಕು, ಸಂಜೆ ಚಹಾಕ್ಕೆ ಬನ್ನು. ಕೊಳ್ಳುವವರಲ್ಲಿ ಹೆಚ್ಚಿನವರು ನಾವೇ ಹೆಂಗಸರು. ಆದರೆ ಕೌಂಟರಿನ ಹಿಂದೆ, ಆ ಬಿಸಿ ಕೋಣೆಯಲ್ಲಿ, ಭಟ್ಟಿಯ ಮುಂದೆ ನಿಂತಿರುವವರು ಯಾರು? ನಮ್ಮ ಕಡೆಯ ಬೇಕರಿಗಳಲ್ಲಿ ನೋಡಿ, ಹೆಚ್ಚಾಗಿ ಗಂಡಸರೇ. ಹೆಣ್ಣುಮಕ್ಕಳಿಗೆ ಪ್ಯಾಕಿಂಗ್ ಕೆಲಸ ಸಿಗುತ್ತದೆ, ಗುಡಿಸುವ ಕೆಲಸ ಸಿಗುತ್ತದೆ, ಹಿಟ್ಟಿನ ಕೆಲಸ ಸಿಗುವುದು ಅಪರೂಪ.

ಆದ್ದರಿಂದ ಇವತ್ತು ನಾವು ಹೇಳಬೇಕೆಂದಿರುವುದು ಒಂದೇ ಮಾತು: ಓವನ್ ಕೊಳ್ಳುವ ಮೊದಲು ನಿಮ್ಮ ಸಂಘದಿಂದ ಒಬ್ಬಳನ್ನು ಒಂದು ವರ್ಷ ಕಲಿಯಲು ಕಳುಹಿಸಿ. ಆ ಒಂದು ವರ್ಷ ಅವಳ ಮನೆ ಬೀಳದಂತೆ ಸಂಘ ಹೆಗಲು ಕೊಡಲಿ.

ಮೂರು ದಿನದ ತರಬೇತಿ ಯಾಕೆ ಸಾಲದು?

ನಾವೆಲ್ಲ ಮೂರು ದಿನದ ತರಬೇತಿ ನೋಡಿದ್ದೇವೆ. ಮೊದಲ ದಿನ ಬಿಸ್ಕತ್ತು, ಎರಡನೇ ದಿನ ಕೇಕು, ಮೂರನೇ ದಿನ ಸರ್ಟಿಫಿಕೇಟು, ಫೋಟೋ. ಆಸಕ್ತಿ ಹುಟ್ಟಿಸೋದಕ್ಕೆ ಅದು ಬೇಕು, ತಪ್ಪಿಲ್ಲ. ಆದರೆ ಅಲ್ಲಿ ಹಿಟ್ಟು ಅಳೆದು ಕೊಟ್ಟವರು ಬೇರೆ, ಓವನ್ನಿನ ಶಾಖ ನೋಡಿಕೊಂಡವರು ಬೇರೆ. ಮನೆಗೆ ಬಂದು ತಾನೇ ಮಾಡಿದಾಗ ಬನ್ನು ಕಲ್ಲಾಗುತ್ತದೆ, ಕೇಕಿನ ನಡುವೆ ಹಳ್ಳ ಬೀಳುತ್ತದೆ. ಯಾಕೆ ಹೀಗಾಯಿತು ಅಂತ ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ನಾವು ಭೇಟಿ ಕೊಟ್ಟ ಒಂದು ಸಂಘದ ಮನೆಯಲ್ಲಿ ಸಾಲದಲ್ಲಿ ಕೊಂಡ ಓವನ್ನಿನ ಮೇಲೆ ಹಳೇ ಸೀರೆ ಹೊದಿಸಿದ್ದರು, ಒಳಗೆ ಮದುವೆಯ ಪಾತ್ರೆ ಜೋಡಿಸಿಟ್ಟಿದ್ದರು. ಕಂತು ಮಾತ್ರ ತಿಂಗಳು ತಿಂಗಳು ತಪ್ಪದೆ ಹೋಗುತ್ತಿತ್ತು. ಆ ಹೆಂಗಸರು ಸೋಮಾರಿಗಳಲ್ಲ. ಸಾಮಾನು ಬಂತು, ವಿದ್ಯೆ ಬರಲಿಲ್ಲ, ಅಷ್ಟೇ.

ಕೈಯಿಂದ ಕೈಗೆ ಬಂದ ವಿದ್ಯೆ

ಬೇಕರಿ ಕೆಲಸ ಪುಸ್ತಕದಿಂದ ಬಂದದ್ದಲ್ಲ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂದದ್ದು. ಕೇರಳದ ತಲಶ್ಶೇರಿಯ ಮಾಂಬಳ್ಳಿ ಬಾಪು ಅವರ ಹೆಸರು ಕೇಳಿರಬಹುದು. 1883ರಲ್ಲಿ ಅಲ್ಲಿನ ಬ್ರಿಟಿಷ್ ತೋಟದ ಮಾಲೀಕರೊಬ್ಬರಿಗೆ ಕ್ರಿಸ್ಮಸ್ ಕೇಕ್ ಮಾಡಿಕೊಟ್ಟವರು ಅವರು ಎಂದು ಹೇಳುತ್ತಾರೆ. ಅವರು ಬಿಸ್ಕತ್ತಿನ ಕೆಲಸ ಕಲಿತದ್ದು ಬರ್ಮಾದಲ್ಲಿ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಹಾಸನದ ಕಡೆಯ ತಿರುಮಲಾಚಾರ್ ಅವರು 1898ರಲ್ಲಿ ಆರಂಭಿಸಿದ್ದು ಬಿ.ಬಿ. ಬೇಕರಿ. ಅಂಗಡಿಗೆ ಬರುತ್ತಿದ್ದ ಇಂಗ್ಲಿಷರೊಬ್ಬರು ಅವರಿಗೆ ಬ್ರೆಡ್ ಮಾಡುವುದನ್ನು ಹೇಳಿಕೊಟ್ಟರೆಂಬ ಮಾತಿದೆ. ಆಮೇಲೆ ಏನಾಯಿತು? ಹಾಸನ ಜಿಲ್ಲೆಯ ಹಳ್ಳಿಗಳಿಂದ ಹುಡುಗರು ನೆಂಟರ ಬೇಕರಿಗೆ ಹೋದರು. ಮೊದಲು ಟ್ರೇ ತೊಳೆದರು, ಆಮೇಲೆ ಹಿಟ್ಟು ಕಲಸಿದರು, ಆಮೇಲೆ ಭಟ್ಟಿ ನೋಡಿದರು, ಕೊನೆಗೆ ಬೇರೆ ಬೀದಿಯಲ್ಲಿ ತಮ್ಮದೇ ಬೇಕರಿ ಇಟ್ಟರು. ಅಯ್ಯಂಗಾರ್ ಬೇಕರಿ ಎಂಬ ಬೋರ್ಡು ರಾಜ್ಯದ ಊರೂರಿಗೆ ಹೋದದ್ದು ಹೀಗೆ. ಯಾರೂ ಅದನ್ನು ಅಪ್ರೆಂಟಿಸ್‌ಶಿಪ್ ಅಂತ ಕರೆಯಲಿಲ್ಲ. ಆದರೆ ಅದು ಅದೇ.

ನಮ್ಮ ಹೆಣ್ಣುಮಕ್ಕಳಿಗೂ ಇದು ಹೊಸದಲ್ಲ. ಕ್ರಿಸ್ಮಸ್ ಬಂದಾಗ ಕೊಂಕಣಿ ಮನೆಗಳಲ್ಲಿ ಕುಸ್ವಾರ್ ಮಾಡುತ್ತಾರೆ. ಅಜ್ಜಿಯ ಪಕ್ಕ ಕೂತು ಕುಲ್‌ಕುಲ್ ಸುರುಳಿ ಸುತ್ತಲು ಕಲಿತವರಿಗೆ ಯಾವ ಸರ್ಟಿಫಿಕೇಟೂ ಇಲ್ಲ. ದೀಪಾವಳಿಗೆ ಕಜ್ಜಾಯ, ಗೌರಿ ಹಬ್ಬಕ್ಕೆ ಚಕ್ಕುಲಿ ಎಲ್ಲವೂ ಹಾಗೇ ಬಂದವು. ಮನೆಯ ವಿದ್ಯೆ ನಮಗೆ ಸಿಕ್ಕಿತು, ಸಂಬಳದ ವಿದ್ಯೆ ಸಿಗಲಿಲ್ಲ. ನೆಂಟರ ಬೇಕರಿಗೆ ಕಳುಹಿಸಿದ್ದು ಗಂಡುಮಕ್ಕಳನ್ನು ಮಾತ್ರ. ಇದನ್ನು ಬದಲಾಯಿಸಬೇಕಾದವರು ನಾವೇ.

ಒಂದು ವರ್ಷದಲ್ಲಿ ಏನು ಕಲಿಯುತ್ತಾಳೆ?

"ಟ್ರೇ ತೊಳೆಯೋಕೆ ಒಂದು ವರ್ಷ ಹೋಗ್ಬೇಕಾ ಸಿಸ್ಟರ್?" ಅಂತ ಒಬ್ಬ ಅತ್ತೆಯಮ್ಮ ನಮ್ಮನ್ನು ಕೇಳಿದರು. ಸರಿಯಾದ ಪ್ರಶ್ನೆ. ಉತ್ತರ ವಿವರವಾಗಿ ಹೇಳುತ್ತೇವೆ.

ಮೊದಲ ಎರಡು-ಮೂರು ತಿಂಗಳು ಶುಚಿ, ತೂಕ, ಜರಡಿ. ಟ್ರೇ ತೊಳೆಯುವುದು, ಎಣ್ಣೆ ಸವರುವುದು, ಮೈದಾ ಜರಡಿ ಹಿಡಿಯುವುದು, ತಕ್ಕಡಿಯಲ್ಲಿ ತೂಗುವುದು. ಮನೆಯಲ್ಲಿ ನಾವು ಕೈಯಳತೆಯಲ್ಲಿ ಅಡುಗೆ ಮಾಡುತ್ತೇವೆ. ಬೇಕರಿಯಲ್ಲಿ ಕೈಯಳತೆ ನಡೆಯುವುದಿಲ್ಲ, ಎಲ್ಲವೂ ತೂಕದ ಲೆಕ್ಕ. ಸಾಧಾರಣವಾಗಿ ಒಂದು ಕಿಲೋ ಮೈದಾಕ್ಕೆ 600 ಗ್ರಾಂ ನೀರು, 20 ಗ್ರಾಂ ಉಪ್ಪು, 25 ಗ್ರಾಂ ಹಸಿ ಯೀಸ್ಟ್, ಸ್ವಲ್ಪ ಸಕ್ಕರೆ, ಸ್ವಲ್ಪ ಕೊಬ್ಬು. ನೀರು ಕೈಗೆ ಬೆಚ್ಚಗೆ ಇರಬೇಕು, ಸುಡುವ ನೀರು ಹಾಕಿದರೆ ಯೀಸ್ಟ್ ಸತ್ತೇ ಹೋಗುತ್ತದೆ.

ಆಮೇಲಿನ ಮೂರು ತಿಂಗಳು ಹಿಟ್ಟು. ಎಷ್ಟು ಹೊತ್ತು ನಾದಬೇಕು? ಗಡಿಯಾರ ಪೂರ್ತಿ ಹೇಳುವುದಿಲ್ಲ. ಒಂದು ಚೂರು ಹಿಟ್ಟನ್ನು ಎರಡೂ ಕೈಯಲ್ಲಿ ಹಿಗ್ಗಿಸಿದಾಗ ಹರಿಯದೆ, ಬೆಳಕು ಕಾಣುವಷ್ಟು ತೆಳ್ಳಗೆ ಬಂದರೆ ಹದವಾಯಿತು. ಮಲೆನಾಡಿನ ಜುಲೈ ಚಳಿಯಲ್ಲಿ ಅದೇ ಹಿಟ್ಟು ಉಬ್ಬಲು ತಡ ಮಾಡುತ್ತದೆ, ಏಪ್ರಿಲ್ ಬಿಸಿಲಿನಲ್ಲಿ ಬೇಗ ಉಬ್ಬಿ ಹುಳಿಯಾಗುತ್ತದೆ. ಮಳೆಗಾಲದಲ್ಲಿ ಮೈದಾ ತೇವ ಹಿಡಿದಿರುತ್ತದೆ, ನೀರು ಸ್ವಲ್ಪ ಕಡಿಮೆ ಬೇಕು. ಇದಕ್ಕೇ ನಾವು ಒಂದು ವರ್ಷ ಅನ್ನುವುದು. ಮಳೆ, ಚಳಿ, ಬೇಸಿಗೆ ಮೂರನ್ನೂ ಆ ಕೈ ನೋಡಬೇಕು.

ಆರು ತಿಂಗಳ ಮೇಲೆ ಓವನ್. ಬನ್ನು, ಬ್ರೆಡ್ಡಿಗೆ ಸುಮಾರು 200ರಿಂದ 220 ಡಿಗ್ರಿ, ಕೇಕಿಗೆ 170-180, ಬಿಸ್ಕತ್ತಿಗೆ ಅದರ ಆಸುಪಾಸು. ಆದರೆ ಪ್ರತಿ ಓವನ್ನಿಗೂ ಒಂದು ಬಿಸಿ ಮೂಲೆ, ಒಂದು ತಣ್ಣನೆ ಮೂಲೆ ಇರುತ್ತದೆ. ಸೌದೆ ಭಟ್ಟಿಯಾದರೆ ಇನ್ನೂ ಹೆಚ್ಚು. ಬ್ರೆಡ್ಡಿನ ತಳ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಬೆಂದಿದೆ. ಇದೆಲ್ಲ ಮಾಸ್ಟರ್ ಪಕ್ಕ ನಿಂತು ನೋಡಿದರೇ ತಿಳಿಯುವುದು.

ಕೊನೆಯ ಮೂರು ತಿಂಗಳು ಕ್ರೀಮ್ ಹಚ್ಚುವುದು, ಕೊಳ್ಳುವುದು, ಮಾರುವುದು, ಲೆಕ್ಕ. ಇದು ಎಲ್ಲಕ್ಕಿಂತ ಮುಖ್ಯ. ಬೇಯುವಾಗ ಬ್ರೆಡ್ಡಿನ ತೂಕ ಹತ್ತರಲ್ಲಿ ಒಂದು ಪಾಲಿನಷ್ಟು ಇಳಿಯುತ್ತದೆ. 400 ಗ್ರಾಂ ಬ್ರೆಡ್ ಬರಬೇಕಾದರೆ ಸುಮಾರು 450 ಗ್ರಾಂ ಹಸಿ ಹಿಟ್ಟು ಅಚ್ಚಿಗೆ ಹಾಕಬೇಕು. ಹತ್ತು ಕಿಲೋ ಮೈದಾದಿಂದ ಸುಮಾರು 17 ಕಿಲೋ ಹಿಟ್ಟು ಆಗುತ್ತದೆ ಅನ್ನಿ, 37 ಬ್ರೆಡ್. ತೂಗದೆ ಕೈಯಂದಾಜಿನಲ್ಲಿ 500 ಗ್ರಾಂ ಹಾಕಿದರೆ 34 ಮಾತ್ರ. ದಿನಕ್ಕೆ ಮೂರು ಬ್ರೆಡ್ ಹೋಯಿತು. ಬ್ರೆಡ್ಡಿಗೆ 40 ರೂಪಾಯಿ ಅಂತ ಹಿಡಿದರೆ ತಿಂಗಳ 26 ದಿನಕ್ಕೆ 3,120 ರೂಪಾಯಿ. ಗೊತ್ತೇ ಆಗದಂತೆ ಸೋರಿಹೋಗುವ ಹಣ ಇದು. ಕಡಿಮೆ ಹಾಕಿದರೆ ಗಿರಾಕಿಗೆ ಮೋಸ. ಉಳಿದ ಬ್ರೆಡ್ಡನ್ನು ಹಾಳಾಗುವ ಮೊದಲು ರಸ್ಕ್ ಮಾಡುವುದು, ಹಬ್ಬಕ್ಕೆ ಎಷ್ಟು ಕೇಕ್ ಮೊದಲೇ ಮಾಡಿಡುವುದು, ಸಾಲ ಕೇಳುವ ಅಂಗಡಿಯವನಿಗೆ ಎಷ್ಟು ಕೊಡುವುದು - ಇವೂ ವಿದ್ಯೆಯೇ.

ದಾರಿಗಳು ಯಾವುವು?

ಮೊದಲನೆಯದು ಐಟಿಐ. "ಬೇಕರ್ ಅಂಡ್ ಕನ್‌ಫೆಕ್ಷನರ್" ಎಂಬ ಒಂದು ವರ್ಷದ ಟ್ರೇಡ್ ಇದೆ. ಎಲ್ಲ ಐಟಿಐಗಳಲ್ಲೂ ಇರುವುದಿಲ್ಲ, ಹತ್ತಿರದಲ್ಲಿ ಎಲ್ಲಿದೆ ಎಂದು ವಿಚಾರಿಸಿ. ಎಸ್‌ಎಸ್‌ಎಲ್‌ಸಿ ಮುಗಿಸಿದ ಮಗಳಿರುವ ಮನೆಯವರು ಇದನ್ನು ಯೋಚಿಸಬಹುದು. ಬೆಂಗಳೂರು ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಕೇಂದ್ರವೂ ಇದೆ.

ಎರಡನೆಯದು ಕಾನೂನಿನ ಪ್ರಕಾರದ ಅಪ್ರೆಂಟಿಸ್‌ಶಿಪ್. 1961ರ ಅಪ್ರೆಂಟಿಸ್ ಕಾಯ್ದೆ ಇದಕ್ಕೆ ಆಧಾರ. 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 2019ರ ತಿದ್ದುಪಡಿಯಂತೆ ನಾಲ್ಕು ಜನ ಕೆಲಸ ಮಾಡುವ ಬೇಕರಿಯೂ ಮನಸ್ಸಿದ್ದರೆ ತೆಗೆದುಕೊಳ್ಳಬಹುದು. ಒಪ್ಪಂದ ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಸ್ಟೈಪೆಂಡ್ ಕೊಡಲೇಬೇಕು. 2019ರ ನಿಯಮದಲ್ಲಿ ಕನಿಷ್ಠ ಮೊತ್ತ ಐದರಿಂದ ಒಂಬತ್ತನೇ ತರಗತಿ ಓದಿದವರಿಗೆ ತಿಂಗಳಿಗೆ 5,000, ಹತ್ತನೇ ತರಗತಿಯವರಿಗೆ 6,000, ಪಿಯುಸಿಯವರಿಗೆ 7,000 ರೂಪಾಯಿ ಎಂದಿತ್ತು. ಇದನ್ನು ಏರಿಸಬೇಕೆಂದು 2025ರಲ್ಲಿ ಕೇಂದ್ರದ ಅಪ್ರೆಂಟಿಸ್‌ಶಿಪ್ ಮಂಡಳಿ ಶಿಫಾರಸು ಮಾಡಿತು. ಆದ್ದರಿಂದ ಸಹಿ ಹಾಕುವ ದಿನ ಯಾವ ದರ ನಡೆಯುತ್ತಿದೆ ಎಂದು ಕೇಳಿ ಬರೆಸಿಕೊಳ್ಳಿ. 2016ರಲ್ಲಿ ಶುರುವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲು ಭಾಗ, ಹೆಚ್ಚೆಂದರೆ 1,500 ರೂಪಾಯಿ, ಸರ್ಕಾರ ಭರಿಸುವ ವ್ಯವಸ್ಥೆ ಬಂತು. 2023ರಿಂದ ಅದು ಕಲಿಯುವವರ ಬ್ಯಾಂಕ್ ಖಾತೆಗೇ ಹಾಕುವಂತೆ ಆಯಿತು. ಮಾಲೀಕರೊಂದಿಗೆ ಮಾತಾಡುವಾಗ ಇದನ್ನು ಹೇಳಿ, ಅನೇಕರಿಗೆ ಗೊತ್ತಿರುವುದಿಲ್ಲ.

ಮೂರನೆಯದು ನಮ್ಮ ಊರಿನ ಸಣ್ಣ ಬೇಕರಿ. ಮಾಲೀಕ, ಒಬ್ಬ ಮಾಸ್ಟರ್, ಒಬ್ಬ ಹುಡುಗ, ಅಷ್ಟೇ ಜನ. ಇಲ್ಲಿಗೆ ಆ ಕಾಯ್ದೆ ಬರುವುದಿಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಸಿಗುವುದು ಇದೇ ದಾರಿ. ಬಾಯಿಮಾತಿಗೆ ಹೋದರೆ ಏನಾಗುತ್ತದೆ? ವರ್ಷವಿಡೀ ಟ್ರೇ ತೊಳೆಸಿ, "ನಿಂಗೆ ಕೈ ಹಿಡೀಲಿಲ್ಲಮ್ಮ" ಅಂತ ಕಳುಹಿಸಿಬಿಡುತ್ತಾರೆ. ಎಲ್ಲ ಮಾಲೀಕರೂ ಹಾಗಲ್ಲ, ಮಗಳಂತೆ ಕಲಿಸಿದವರನ್ನೂ ನಾವು ಕಂಡಿದ್ದೇವೆ. ಆದರೂ ಕಾಗದ ಇರಲಿ. ಕಾಗದ ಇಬ್ಬರಿಗೂ ಒಳ್ಳೆಯದು.

ಕಾಗದದಲ್ಲಿ ಏನಿರಬೇಕು?

ಮಾಲೀಕರು, ಕಲಿಯುವವಳು, ಸಾಕ್ಷಿಯಾಗಿ ಸಂಘದ ಅಧ್ಯಕ್ಷೆ, ಈ ಮೂವರ ಸಹಿ ಇರಲಿ. ಕಲಿಯುವವಳು 18 ವರ್ಷ ದಾಟಿರಲಿ. ಕೆಳಗಿನವು ಸ್ಪಷ್ಟವಾಗಿರಲಿ:

1. ಕಲಿಕೆಯ ಅವಧಿ, ಶುರುವಾಗುವ ಮತ್ತು ಮುಗಿಯುವ ತಾರೀಕು.
2. ಪ್ರತಿ ಮೂರು ತಿಂಗಳಲ್ಲಿ ಏನೇನು ಕಲಿಸುತ್ತಾರೆ. ಆರು ತಿಂಗಳೊಳಗೆ ಹಿಟ್ಟಿಗೆ, ಒಂಬತ್ತು ತಿಂಗಳೊಳಗೆ ಓವನ್ನಿಗೆ ಕೈ ಹಾಕಲು ಬಿಡಬೇಕು.
3. ತಿಂಗಳ ಸ್ಟೈಪೆಂಡ್ ಎಷ್ಟು, ಯಾವ ತಾರೀಕಿಗೆ. ಸಾಧ್ಯವಾದರೆ ಬ್ಯಾಂಕ್ ಖಾತೆಗೆ.
4. ಕೆಲಸದ ಹೊತ್ತು, ವಾರದ ರಜೆ. ಬಸ್ಸಿಲ್ಲದ ಹೊತ್ತಿನಲ್ಲಿ ಬರಹೇಳುವಂತಿಲ್ಲ.
5. ಸುಟ್ಟ ಗಾಯವಾದರೆ ಆಸ್ಪತ್ರೆ ಖರ್ಚು ಯಾರದು. ಕಾಯ್ದೆಯ ಅಪ್ರೆಂಟಿಸ್ ಆಗಿದ್ದರೆ ತರಬೇತಿಯಲ್ಲಿ ಆದ ಅಪಘಾತದ ಪರಿಹಾರ ಮಾಲೀಕರ ಹೊಣೆ. ಸಣ್ಣ ಬೇಕರಿಯಲ್ಲಿ ಇದನ್ನು ಬರೆಸಿಕೊಳ್ಳಲೇಬೇಕು.
6. ವರ್ಷ ಮುಗಿದಾಗ ಏನು ಕಲಿತಳೆಂದು ಮಾಲೀಕರ ಲೆಟರ್‌ಹೆಡ್‌ನಲ್ಲಿ ಪತ್ರ.

ಕಲಿಕೆ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂದು ಕಾಯ್ದೆಯೂ ಹೇಳುವುದಿಲ್ಲ. ಅದನ್ನು ತಿಳಿದೇ ಹೋಗಬೇಕು. ಆದರೆ ವರ್ಷದ ನಂತರವೂ ಅದೇ ಸ್ಟೈಪೆಂಡಿಗೆ ದುಡಿಯಬೇಡಿ. ಆಗ ನೀವು ಕೆಲಸಗಾರರು, ಕೂಲಿ ಕೇಳಿ.

ಮನೆ ಮತ್ತು ಸಂಘ

ಈಗ ಕಷ್ಟದ ಮಾತಿಗೆ ಬರೋಣ. ತೋಟದ ಕೆಲಸಕ್ಕೆ ಹೋಗುವ ಹೆಂಗಸಿಗೆ ಒಂದು ವರ್ಷ ಕಲಿಯುತ್ತೇನೆ ಅನ್ನುವುದು ಸುಲಭವಲ್ಲ. ಸಂಜೆ ಅಕ್ಕಿ ಬೇಕು, ಮಗನ ಫೀಸು ಕಟ್ಟಬೇಕು. ಇವತ್ತಿನ ಕೂಲಿ ಬಿಟ್ಟು ಮುಂದಿನ ವರ್ಷದ ಸಂಬಳ ನಂಬುವ ಶಕ್ತಿ ಬಡವರ ಮನೆಗೆ ಎಲ್ಲಿಂದ ಬರಬೇಕು? ನಮ್ಮ ಹೆಣ್ಣುಮಕ್ಕಳು ಕಲಿಯದೇ ಇರುವುದು ಬುದ್ಧಿ ಇಲ್ಲದೆ ಅಲ್ಲ, ಈ ಒಂದು ವರ್ಷ ದಾಟಿಸುವವರಿಲ್ಲದೆ.

ಲೆಕ್ಕ ಹಾಕಿ ನೋಡೋಣ. ಅವಳು ದಿನಕ್ಕೆ 400 ರೂಪಾಯಿಯಂತೆ ತಿಂಗಳಿಗೆ 22 ದಿನ ಕೂಲಿಗೆ ಹೋಗುತ್ತಾಳೆ ಅಂದುಕೊಳ್ಳಿ: 8,800 ರೂಪಾಯಿ. ಸ್ಟೈಪೆಂಡ್ 5,000 ಸಿಕ್ಕಿದರೆ ಕೊರತೆ 3,800. ಹನ್ನೆರಡು ತಿಂಗಳಿಗೆ 45,600 ರೂಪಾಯಿ. ಒಂದು ಓವನ್, ಒಂದು ಮಿಕ್ಸರ್, ಟ್ರೇ, ಮೇಜು ಅಂತ ನೀವು ಅರ್ಜಿಯಲ್ಲಿ ಬರೆದ ಮೊತ್ತ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ಸಂಘ ತನ್ನ ಉಳಿತಾಯದಿಂದ ತಿಂಗಳಿಗೆ 3,800ರಂತೆ ಅವಳಿಗೆ ಆಂತರಿಕ ಸಾಲ ಕೊಡಲಿ. ಒಟ್ಟಿಗೆ ಕೊಡುವುದು ಬೇಡ, ತಿಂಗಳು ತಿಂಗಳು ಕೊಡಿ. ಮರುಪಾವತಿ ಕಲಿಕೆ ಮುಗಿದ ಮೇಲೆ ಶುರುವಾಗಲಿ. ಬಡ್ಡಿ ಕಡಿಮೆ ಇಡಲು ನಿರ್ಣಯ ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಹಣ ಹಸುವಿನ ಮೇಲೆ ಹಾಕುತ್ತೇವೆ, ಮಷೀನಿನ ಮೇಲೆ ಹಾಕುತ್ತೇವೆ, ಒಬ್ಬ ಹೆಣ್ಣುಮಗಳ ಕೈ ಮೇಲೆ ಹಾಕಲು ಮಾತ್ರ ಯಾಕೆ ಹಿಂದೆ ಮುಂದೆ ನೋಡುತ್ತೇವೆ? ಹಸು ಸಾಯಬಹುದು, ಮಷೀನು ಕೆಡಬಹುದು. ಕಲಿತ ಕೈ ಕಲಿತದ್ದೇ.

ಯಾರನ್ನು ಕಳುಹಿಸಬೇಕು? ಅಧ್ಯಕ್ಷೆಯ ಮಗಳು ಅಂತ ಅಲ್ಲ. ಬೆಳಿಗ್ಗೆ ಬೇಗ ಏಳುವವಳು, ನಿಂತು ಕೆಲಸ ಮಾಡಬಲ್ಲವಳು, ಲೆಕ್ಕದಲ್ಲಿ ನೇರ ಇರುವವಳು, ಕಲಿತದ್ದನ್ನು ಇನ್ನಿಬ್ಬರಿಗೆ ಹೇಳಿಕೊಡುವ ಮನಸ್ಸಿರುವವಳು. ಗಂಡ ಬಿಟ್ಟವಳು, ವಿಧವೆ ಅಂತ ಪಕ್ಕಕ್ಕೆ ಸರಿಸಿದವಳಿದ್ದರೆ ಅವಳನ್ನು ಮೊದಲು ಕೇಳಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನ ಖರ್ಚಿನ ಚಿಂತೆ ಕಡಿಮೆಯಾಯಿತು. ಉಳಿದದ್ದು ಮಕ್ಕಳನ್ನು ನೋಡಿಕೊಳ್ಳುವ ಚಿಂತೆ. ಪಕ್ಕದ ಮನೆಯ ಸದಸ್ಯೆ ಅವಳ ಮಗುವನ್ನು ಅಂಗನವಾಡಿಯಿಂದ ಕರೆತಂದರೆ ಅದೂ ಸಂಘದ ಕೆಲಸವೇ.

ಜೋಪಾನದ ಮಾತು

ಮೈದಾ ಧೂಳು ವರ್ಷಗಟ್ಟಲೆ ಮೂಗಿಗೆ ಹೋದರೆ ಉಬ್ಬಸ ಬರಬಹುದು. ಜರಡಿ ಹಿಡಿಯುವಾಗ ಬಾಯಿ ಮೂಗಿಗೆ ಮಾಸ್ಕ್ ಹಾಕಿ. ಮೊದಲೇ ಉಬ್ಬಸ ಇರುವವರು ಡಾಕ್ಟರನ್ನು ಕೇಳಿಯೇ ಹೋಗಿ. ಸುಟ್ಟರೆ ತಣ್ಣೀರು ಹರಿಯಬಿಡಿ, ಪೇಸ್ಟು, ಇಂಕು ಹಚ್ಚಬೇಡಿ. ಸೆರಗು, ದುಪಟ್ಟ ಮಿಕ್ಸರಿಗೆ ಸಿಗದಂತೆ ಬಿಗಿದು ಕಟ್ಟಿ. ಕೈಬಳೆ ತೆಗೆದಿಡಿ, ಶುಚಿಗೂ ಒಳ್ಳೆಯದು.

ಇನ್ನೊಂದು ಮಾತು, ತಾಯಂದಿರೇ, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಗಂಡಸರೇ ಇರುವ ಕೆಲಸದ ಜಾಗಕ್ಕೆ ಮಗಳನ್ನು ಹೇಗೆ ಕಳುಹಿಸಲಿ ಎಂಬ ಭಯ ನಿಮಗಿದೆ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಕಲಿಯುವವರಿಗೂ ಅನ್ವಯಿಸುತ್ತದೆ. ಅಪ್ರೆಂಟಿಸ್ ಎಂಬ ಪದವೇ ಅದರಲ್ಲಿದೆ. ಹತ್ತು ಜನಕ್ಕಿಂತ ಕಡಿಮೆ ಇರುವ ಸ್ಥಳವಾದರೆ, ಅಥವಾ ಮಾಲೀಕರ ಮೇಲೆಯೇ ದೂರಾದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ಬರೆದು ಕೊಡಬಹುದು. ಮಹಿಳಾ ಸಹಾಯವಾಣಿ 181. ಮೊದಲ ತಿಂಗಳು ವಾರಕ್ಕೊಮ್ಮೆ ಸಂಘದ ಇಬ್ಬರು ಆ ಬೇಕರಿಗೆ ಹೋಗಿ ಒಂದು ಬನ್ನು ಕೊಂಡು, ಅವಳನ್ನು ಮಾತಾಡಿಸಿ ಬನ್ನಿ. ಅವಳ ಹಿಂದೆ ಹದಿನೈದು ಜನ ಇದ್ದಾರೆ ಅಂತ ಎಲ್ಲರಿಗೂ ಗೊತ್ತಾಗಲಿ.

ಕಲಿತ ಮೇಲೆ

ವರ್ಷ ಮುಗಿಯಿತು, ಮುಂದೇನು? ಕೆಲವರು ಬೇಕರಿಯಲ್ಲೇ ಸಂಬಳಕ್ಕೆ ನಿಲ್ಲಬಹುದು. ಇನ್ನೆರಡು ವರ್ಷ ನಿಂತರೆ ಅನುಭವವೂ ಗಟ್ಟಿ, ಉಳಿತಾಯವೂ ಆಗುತ್ತದೆ. ಕೆಲವರು ಮನೆಯಲ್ಲೇ ಸಣ್ಣದಾಗಿ ಶುರು ಮಾಡಬಹುದು. ಆಗ ಆಹಾರ ಸುರಕ್ಷತಾ ಇಲಾಖೆಯ ನೋಂದಣಿ ಬೇಕೇ ಬೇಕು. ಆ 14 ಅಂಕಿಯ ಸಂಖ್ಯೆ, ತಯಾರಿಸಿದ ದಿನ, ಏನೇನು ಹಾಕಿದ್ದೀರಿ, ಎಲ್ಲವೂ ಪೊಟ್ಟಣದ ಮೇಲಿರಲಿ. ಲೆಕ್ಕಪತ್ರ, ಮಾರಾಟ ಕಲಿಯಲು ಜಿಲ್ಲೆಯ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿಗೆ ಹೋಗಬಹುದು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲೇ ಇವು ದೇಶದಲ್ಲೆಲ್ಲ ಬಂದದ್ದು. ಊಟ ವಸತಿ ಸಹಿತ ತರಬೇತಿ ಉಚಿತ.

ಮೂರನೆಯ ದಾರಿ ನಿಮ್ಮ ಸಂಘದ ಸ್ವಂತ ಘಟಕ. ಆಗ ಬನ್ನಿ, ಓವನ್ ಸಾಲದ ಅರ್ಜಿ ತನ್ನಿ. ಕಲಿತವಳೊಬ್ಬಳು ಮುಂದೆ ನಿಂತಿರುವ ಅರ್ಜಿಗೆ ಬ್ಯಾಂಕಿನವರ ಮುಂದೆ ನಾವೂ ಧೈರ್ಯವಾಗಿ ಮಾತಾಡಬಹುದು. ಆಗ ರಾಗಿ ಬಿಸ್ಕತ್ತು ಮಾಡುವ ಮಾತೂ ಆಡೋಣ. ರಾಗಿಗೆ ಮೈದಾದಂತೆ ಜಿಗುಟಿಲ್ಲ, ರಾಗಿಯೊಂದರಿಂದಲೇ ಬ್ರೆಡ್ ಉಬ್ಬುವುದಿಲ್ಲ, ಬಿಸ್ಕತ್ತಿಗೆ ಹೊಂದುತ್ತದೆ. ಇಂಥದ್ದು ತಿಳಿದವಳು ಹೊಸದನ್ನು ಮಾಡಬಲ್ಲಳು.

ಸಹೋದರಿಯರೇ, ನಮ್ಮಲ್ಲಿ ಬೇರೆ ಬೇರೆ ಧರ್ಮದವರಿದ್ದೀರಿ. ಯೇಸುಸ್ವಾಮಿ ದೇವರ ರಾಜ್ಯವನ್ನು ಹೋಲಿಸಲು ಒಂದು ಕತೆ ಹೇಳಿದರು. ಅದರಲ್ಲಿ ಒಬ್ಬ ಹೆಂಗಸು ಸ್ವಲ್ಪ ಹುಳಿಯನ್ನು ಬಹಳ ಹಿಟ್ಟಿನಲ್ಲಿ ಬೆರೆಸುತ್ತಾಳೆ, ಹಿಟ್ಟೆಲ್ಲ ಉಬ್ಬುತ್ತದೆ. ಹುಳಿ ಚೂರೇ ಚೂರು, ಕಣ್ಣಿಗೂ ಕಾಣುವುದಿಲ್ಲ. ಆದರೆ ಅದು ಹಿಟ್ಟಿನೊಳಗೆ ಹೋಗಲೇಬೇಕು, ಹೊತ್ತು ಹಿಡಿಯಲೇಬೇಕು. ಅವಸರ ಮಾಡಿದರೆ ಆಗುವುದಿಲ್ಲ. ಒಂದು ಸಂಘದಿಂದ ಒಬ್ಬಳು ಕಲಿತು ಬಂದರೆ ಸಾಕು.

 

ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಚರ್ಚಿಸಿ:

1. ನಮ್ಮ ಊರಿನಿಂದ ಬಸ್ಸಿನಲ್ಲಿ ಒಂದು ಗಂಟೆಯೊಳಗೆ ಎಷ್ಟು ಬೇಕರಿಗಳಿವೆ? ಅವುಗಳಲ್ಲಿ ಎಷ್ಟು ಕಡೆ ಹೆಂಗಸರು ಹಿಟ್ಟಿನ ಕೆಲಸ ಮಾಡುತ್ತಾರೆ?
2. ನಮ್ಮಲ್ಲಿ ಒಂದು ವರ್ಷ ಕಲಿಯಲು ಹೋಗಬಲ್ಲವರು ಯಾರು? ಅವರ ಮನೆಗೆ ತಿಂಗಳಿಗೆ ಎಷ್ಟು ಕೊರತೆ ಬೀಳುತ್ತದೆ?
3. ಆ ಕೊರತೆಯಲ್ಲಿ ಸಂಘ ಎಷ್ಟು ತುಂಬಬಹುದು? ಬಡ್ಡಿ ಮತ್ತು ಮರುಪಾವತಿಯ ನಿರ್ಣಯ ಏನು?
4. ಮಾಲೀಕರೊಂದಿಗೆ ಮಾತಾಡಲು ಹೋಗುವ ಇಬ್ಬರು ಯಾರು?